ಬಿಳಿಗಿರಿರಂಗನ ಬೆಟ್ಟ: ಆಸ್ಪತ್ರೆ, ಶಾಲೆ, ಲಂಟಾನ

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಸುಮಾರು 24 ಕಿಲೋಮೀಟರ್. ಬಂದವರಲ್ಲಿ ಹೆಚ್ಚಿನವರು ದೇವಸ್ಥಾನದ ಬಂಡೆ ಹತ್ತಿ, ಕೆ. ಗುಡಿಯಲ್ಲಿ ಸಫಾರಿ ಮುಗಿಸಿ ಇಳಿದುಬಿಡುತ್ತಾರೆ. ಬೆಟ್ಟದ ಆದಿವಾಸಿಗಳಾದ ಸೋಲಿಗರ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ನಾಲ್ಕು ದಶಕದಿಂದ ನಡೆದಿರುವ ಕೆಲಸ ನೋಡಬೇಕೆನ್ನುವವರು ಬೆಟ್ಟದ ಬುಡದ ಗುಂಬಳ್ಳಿಯಲ್ಲೇ ಒಮ್ಮೆ ಇಳಿಯುವುದು ಒಳ್ಳೆಯದು. ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ 1996ರಲ್ಲಿ ಕರುಣಾ ಟ್ರಸ್ಟ್‌ಗೆ ನಡೆಸಲು ಕೊಟ್ಟಿತು. ಯಳಂದೂರು ತಾಲ್ಲೂಕಿನ ಕುಷ್ಠರೋಗ ನಿಯಂತ್ರಣಕ್ಕೆಂದು 1986ರಲ್ಲಿ ಹುಟ್ಟಿದ ಸಂಸ್ಥೆ ಅದು. ಕಟ್ಟಡ ಸರ್ಕಾರದ್ದು, ಆಡಳಿತ ಟ್ರಸ್ಟಿನದು. ಈ ಏರ್ಪಾಡನ್ನು ಆಮೇಲೆ ಬೇರೆ ರಾಜ್ಯಗಳಿಗೂ ಒಯ್ದರು.

ಅರಣ್ಯದ ಗೇಟು ದಾಟಿ ಘಾಟಿ ಹತ್ತಿದರೆ ಸೋಲಿಗರಿಗಾಗಿ ಆಸ್ಪತ್ರೆ, ಶಾಲೆ ನಡೆಸುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ. ಡಾ. ಎಚ್. ಸುದರ್ಶನ್ ಇದನ್ನು 1981ರಲ್ಲಿ ಆರಂಭಿಸಿದರು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಪ್ರಶಸ್ತಿಯ ಮಾತಿಗಿಂತ ಇಂಥ ಕಾಡಿನ ಆಸ್ಪತ್ರೆಯಲ್ಲಿ ಏನೇನು ಇರಬೇಕು ಎನ್ನುವುದು ಹೆಚ್ಚು ಉಪಯೋಗದ ವಿಷಯ.

ಹಾವು ಕಚ್ಚಿದವರು ಬಂದರೆ ಮೊದಲು ಬೇಕಾಗುವುದು ಒಂದು ಗಾಜಿನ ಕೊಳವೆ. 2 ಮಿ.ಲೀ. ರಕ್ತವನ್ನು ಅದರಲ್ಲಿ ಹಾಕಿ ಅಲುಗಾಡಿಸದೆ 20 ನಿಮಿಷ ಬಿಟ್ಟು, ಆಮೇಲೆ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದು ತಿಳಿಯಬೇಕು. ಕೊಳವೆ ಪ್ಲಾಸ್ಟಿಕ್ಕಿನದಾಗಿದ್ದರೂ, ಸೋಪಿನ ಪುಡಿ ಹಾಕಿ ತೊಳೆದ ಗಾಜಿನದಾಗಿದ್ದರೂ ಒಳ್ಳೆಯ ರಕ್ತವೇ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ; ಆಗ ಬೇಡದವರಿಗೂ ಔಷಧ ಹೋಗುತ್ತದೆ. ನಾಗರ, ಕಟ್ಟುಹಾವಿನ ವಿಷ ಈ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಅದಕ್ಕೆ ರೆಪ್ಪೆ ಜೋಲುತ್ತಿದೆಯೇ, ಉಸಿರು ಕುಗ್ಗುತ್ತಿದೆಯೇ ಎಂದು ಕಾದು ನೋಡಬೇಕು. ಪ್ರತಿವಿಷ ಮೊದಲ ಸಲ 8ರಿಂದ 10 ಸೀಸೆ. ಕರೆಂಟು ಹೋಗಿ ಬರುವ ಊರಿಗೆ ದ್ರವರೂಪದ್ದಕ್ಕಿಂತ ಪುಡಿರೂಪದ ಪ್ರತಿವಿಷವೇ ವಾಸಿ. ಫ್ರಿಜ್ ಕೈಕೊಟ್ಟರೂ ಕೆಡುವುದಿಲ್ಲ. ಅಲರ್ಜಿ ಎದ್ದರೆ ತಡಮಾಡದೆ ಚುಚ್ಚಲು ಅಡ್ರಿನಲಿನ್ ಪಕ್ಕದಲ್ಲೇ ಸಿದ್ಧವಿರಬೇಕು.

ಹಾವಿನದು ಒಂದು ರಾತ್ರಿಯ ಯುದ್ಧ. ಸೋಲಿಗರಲ್ಲಿ ಕಾಣುವ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರಕ್ತಹೀನತೆ ಹುಟ್ಟಿನಿಂದ ಬಂದದ್ದು, ಜೀವಮಾನವಿಡೀ ಇರುವಂಥದ್ದು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ (ಕಾಯಿಲೆಯಿಲ್ಲದೆ ಅದರ ಒಂದು ಜೀನ್ ಮಾತ್ರ ಹೊತ್ತವರು) ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ. ಪೋಡಿನಲ್ಲಿ ಮಾಡುವ ಅಗ್ಗದ ಸಾಲ್ಯುಬಿಲಿಟಿ ಪರೀಕ್ಷೆಯಲ್ಲಿ ಸಿಕಲ್ ಹಿಮೋಗ್ಲೋಬಿನ್ ಇದೆಯೆಂದಷ್ಟೇ ತಿಳಿಯುತ್ತದೆ. ವಾಹಕರೋ ರೋಗಿಯೋ ಎನ್ನುವುದಕ್ಕೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಬೇಕು. ಆರು ತಿಂಗಳೊಳಗಿನ ಕೂಸಿಗಂತೂ ಆ ಅಗ್ಗದ ಪರೀಕ್ಷೆ ಕೆಲಸಕ್ಕೆ ಬಾರದು. ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ 2023ರ ಜುಲೈ 1ರಂದು ಶುರುವಾಗಿದ್ದು, ಪರೀಕ್ಷೆ ಮಾಡಿಸಿಕೊಂಡವರಿಗೆ ಕಾರ್ಡು ಸಿಗುತ್ತದೆ. ಕಾರ್ಡು ಹಂಚುವುದು ಸುಲಭ. ನೋವಿನ ಕಾಟ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನು ದಿನಾ ನುಂಗಿಸುವುದು, ಆಗಾಗ ರಕ್ತಕಣಗಳ ಎಣಿಕೆ ನೋಡುವುದು ಕಷ್ಟ. ಡಿಸೆಂಬರಿನಿಂದ ಕಾಫಿ ಕೊಯ್ಲು. ಮನೆಮಂದಿ ತೋಟಗಳಿಗೆ ಕೆಲಸಕ್ಕೆ ಹೋಗುತ್ತಾರೆ, ಮಾತ್ರೆ ಮುಗಿಯುತ್ತದೆ, ಚಳಿ ಬೇರೆ. ಮೂಳೆ ನೋವು ಕಾಣಿಸಿಕೊಳ್ಳುವುದು ಆವಾಗಲೇ. ಕೊಯ್ಲಿಗೆ ಮುಂಚೆಯೇ ಎರಡು ತಿಂಗಳ ಮಾತ್ರೆ ಕೈಗೆ ಕೊಟ್ಟು, ನೀರು ಹೆಚ್ಚು ಕುಡಿಯಿರಿ ಎಂದು ಹೇಳಿ ಕಳಿಸುವ ಆರೋಗ್ಯ ಕಾರ್ಯಕರ್ತೆ ಒಂದು ಶಿಬಿರಕ್ಕಿಂತ ದೊಡ್ಡ ಕೆಲಸ ಮಾಡುತ್ತಾಳೆ.

ಆಸ್ಪತ್ರೆಯ ಜೊತೆಗೇ ಹಾಸ್ಟೆಲ್ ಇರುವ ಶಾಲೆ. ದೂರದ ಪೋಡಿನಿಂದ ಮಗು ಆನೆ ದಾರಿಯಲ್ಲಿ ನಡೆದು ಬರಲಾಗದು, ಹಾಗಾಗಿ ಹಾಸ್ಟೆಲ್ ಇಲ್ಲದೆ ಶಾಲೆಯಿಲ್ಲ. ಒಂದನೇ ತರಗತಿಗೆ ಬರುವ ಮಗುವಿನದು ಸೋಲಿಗರ ನುಡಿ. ಕನ್ನಡಕ್ಕೆ ಹತ್ತಿರವೇ, ಆದರೆ ಪಠ್ಯಪುಸ್ತಕದ ಕನ್ನಡಕ್ಕಲ್ಲ. ಪೋಡಿನವರೇ ಮೇಷ್ಟರಾದರೆ ಮಗುವಿನ ಬಾಯಿ ಬೇಗ ಬಿಡುತ್ತದೆ. ಇನ್ನೊಂದು ಎಚ್ಚರ: ಸಪ್ಪಗಿರುವ ಮಗುವಿಗೆಲ್ಲ ಕಬ್ಬಿಣದ ಮಾತ್ರೆ ಕೊಟ್ಟುಬಿಡುವ ರೂಢಿಯಿದೆ. ಸಿಕಲ್ ಸೆಲ್ ಇರುವ ಮಗುವಿಗೆ ಫೋಲಿಕ್ ಆಮ್ಲ ಬೇಕು. ಕಬ್ಬಿಣ ಕೊಡುವ ಮುಂಚೆ ಅದರ ಕೊರತೆ ಇದೆಯೇ ಎಂದು ನೋಡಬೇಕು. ಸಿಕಲ್ ಸೆಲ್ ಇರುವ ಮಕ್ಕಳ ಪಟ್ಟಿ ಆಸ್ಪತ್ರೆಯಿಂದ ಹಾಸ್ಟೆಲ್ ವಾರ್ಡನ್ ಹತ್ತಿರ ಬಂದಿರಬೇಕಾದ್ದು ಇದಕ್ಕೇ.

ಕಾಡಿನ ವಿಷಯಕ್ಕೆ ಬಂದರೆ, ಸಸಿ ತುಂಬಿಸಿಕೊಂಡು ಬರುವವರನ್ನು ಮೊದಲು ತಡೆಯಬೇಕು. ಇಲ್ಲಿ ನೆಡುವ ಕೆಲಸ ಕಡಿಮೆ, ಕೀಳುವ ಕೆಲಸವೇ ಹೆಚ್ಚು. ಮತ್ತಿ, ದಿಂಡಿಗ, ಹೊನ್ನೆ, ತಡಸಲು, ನೆಲ್ಲಿಯ ಬೀಜ ಕಾಡಲ್ಲೇ ಉದುರುತ್ತದೆ. ಮೊಳೆತದ್ದು ಮೇಲೇಳಲು ಹೊರದೇಶದಿಂದ ಬಂದು ಹಬ್ಬಿದ ಪೊದೆಗಿಡ ಲಂಟಾನ ಬಿಡುವುದಿಲ್ಲ. 1997 ಮತ್ತು 2008ರ ಸಮೀಕ್ಷೆಗಳ ನಡುವೆ ಲಂಟಾನ ಹೊಕ್ಕ ಜಾಗ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಸೋಲಿಗರ ಹಿರಿಯರು ಕಾರಣವನ್ನು ತರಗು ಬೆಂಕಿಯಲ್ಲಿ ಹುಡುಕುತ್ತಾರೆ. ಜನವರಿ, ಫೆಬ್ರುವರಿಯಲ್ಲಿ ಹುಲ್ಲು ಪೂರ್ತಿ ಒಣಗುವ ಮುನ್ನ ನೆಲದ ತರಗೆಲೆಗೆ ಇಡುತ್ತಿದ್ದ ಸಣ್ಣ ಬೆಂಕಿ ಅದು. 1974ರಲ್ಲಿ ಅಭಯಾರಣ್ಯವಾದ ಮೇಲೆ ನಿಂತುಹೋಯಿತು. ನೆಲ್ಲಿ ಮರಕ್ಕೆ ಬಂದಳಿಕೆ ಹೆಚ್ಚಿದ್ದೂ ಇದರಿಂದಲೇ ಎನ್ನುತ್ತಾರೆ. ಹಾಗೆಂದು ಈಗ ಬೆಂಕಿ ಇಟ್ಟರಾಯಿತೇ? ಆಳೆತ್ತರದ ಒಣ ಲಂಟಾನ ಜ್ವಾಲೆಯನ್ನು ಮರದ ನೆತ್ತಿಗೇ ಏರಿಸುತ್ತದೆ. ಮೊದಲು ಅದನ್ನು ತೆಗೆಯಬೇಕು.

ತೆಗೆಯುವ ಕ್ರಮ ಹೀಗೆ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹಣ್ಣು ಕಟ್ಟುವ ಮುಂಚೆ ಹೊರಡಬೇಕು. ಮೆಳೆಯೊಳಗೆ ಆನೆ, ಕರಡಿ ಇಲ್ಲವೆಂದು ಖಾತ್ರಿಯಾಗಬೇಕು. ಪೋಡಿನವರು ಮುಂದೆ ಹೋಗದೆ ಯಾರೂ ಕಾಲಿಡಬಾರದು. ಬುಡಕ್ಕೆ ಬೆನ್ನು ಮಾಡಿ ನಿಂತು, ಪಿಕಾಸಿಯಿಂದ ನೆಲದ ಮಟ್ಟಕ್ಕಿಂತ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರು ಕಡಿಯಬೇಕು, ಏಕೆಂದರೆ ಚಿಗುರುವ ಭಾಗ ಇರುವುದು ಅದರ ಮೇಲೆ. ಕಡಿದ ಪೊದೆಯನ್ನು ಬುಡಮೇಲು ಮಾಡಿ ಒಣಗಲು ಬಿಡಬೇಕು. ಮಚ್ಚಿನಿಂದ ಬರೀ ಕಾಂಡ ಸವರಿದರೆ ಬುಡದಿಂದ ಹತ್ತು ಕವಲು ಏಳುತ್ತವೆ. ಗುತ್ತಿಗೆ ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ. ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನ ಕಡ್ಡಿಯನ್ನು ಕುದಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಮಾಡುತ್ತಾರೆ. ಕೂಲಿ ಹುಟ್ಟುತ್ತದೆ ನಿಜ, ಆದರೆ ಕಡ್ಡಿ ಕೊಯ್ದು ಬೇರು ಬಿಟ್ಟರೆ ಕಾಡಿಗೆ ಲಾಭವಿಲ್ಲ.

ಮರುವರ್ಷ ಅದೇ ಜಾಗಕ್ಕೆ ಹೋಗಿ ಮರಗಳ ಕೆಳಗೆ ನೋಡಬೇಕು. ಪಿಕಳಾರ ಹಕ್ಕಿ ಹಣ್ಣು ತಿಂದು ಕೂತ ಕೊಂಬೆಯಡಿ ಲಂಟಾನ ಸಸಿ ಹುಟ್ಟಿರುತ್ತದೆ. ಆಗ ಕೈಯಲ್ಲೇ ಕೀಳಬಹುದು. ಮೂರನೆಯ ವರ್ಷವೂ ಅಷ್ಟೇ. ದಾನದ ಹಣ ಮಾತ್ರ ಮೊದಲ ವರ್ಷಕ್ಕೇ ಮುಗಿದಿರುತ್ತದೆ, ಏಕೆಂದರೆ ಮೊದಲ ವರ್ಷದ ಫೋಟೋ ಚೆನ್ನಾಗಿ ಬರುತ್ತದೆ.

ಈ ಕೆಲಸಕ್ಕೆ ಯಾರ ಅನುಮತಿ ಎನ್ನುವುದೂ ಮುಖ್ಯ. 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಕು, ಗ್ರಾಮಸಭೆಯ ತೀರ್ಮಾನವೂ ಬೇಕು. ಯಾವ ಮೆಳೆಯ ಹಿಂದೆ ಅಬ್ಬಿಯಿದೆ, ಎಲ್ಲಿ ಮಾರಮ್ಮನ ಜಾಗ, ಎಲ್ಲಿ ಕಲ್ಲುಗುಡಿ ಎನ್ನುವುದು ನಕ್ಷೆಗಿಂತ ಮೊದಲು ಅವರಿಗೆ ಗೊತ್ತು.

ನೆರವಾಗಬೇಕೆಂದು ಬರುವವರು ಸಸಿ, ಹಳೇ ಬಟ್ಟೆ, ಬಿಸ್ಕತ್ತು ಬಿಟ್ಟು ಬನ್ನಿ. ಎಚ್‌ಪಿಎಲ್‌ಸಿ ರಾಸಾಯನಿಕದ ಖರ್ಚು, ವಾರ್ಡನ್‌ನ ವರ್ಷದ ಸಂಬಳ, ಮೂರನೆಯ ವರ್ಷದ ಕಳೆ ಕೀಳುವ ಕೂಲಿ, ಇವುಗಳಲ್ಲಿ ಯಾವುದಕ್ಕೆ ಕೊರತೆಯಿದೆ ಎಂದು ಮೊದಲೇ ಫೋನಿನಲ್ಲಿ ಕೇಳಿ. ಪೋಡಿಗೆ ಕಾಫಿ ಕೊಯ್ಲಿನ ಹಗಲಲ್ಲಿ ಹೋದರೆ ಮಾತಾಡಲು ಯಾರೂ ಸಿಗುವುದಿಲ್ಲ.