ಸುಣ್ಣಕಲ್ಲಿನ ಕೆಳಗಿನ ಗಡಿ

ಕೆನಡಾದ ವಿನಿಪೆಗ್‌ನಿಂದ ಉತ್ತರಕ್ಕೆ ಥಾಮ್ಸನ್‌ವರೆಗೆ ಸುಮಾರು 750 ಕಿ.ಮೀ. ರಸ್ತೆ. ಎರಡೂ ಬದಿ ಜೌಗು, ಸ್ಪ್ರೂಸ್ ಮರ, ಮತ್ತೆ ಜೌಗು. ನಾವು ಹುಡುಕಿ ಹೊರಟಿದ್ದು ಭೂಫಲಕಗಳ ಒಂದು ಹಳೇ ಗಡಿ. ಸುಮಾರು 180 ಕೋಟಿ ವರ್ಷಗಳ ಹಿಂದೆ ಇಲ್ಲೊಂದು ಸಮುದ್ರ ಮುಚ್ಚಿಹೋಗಿ, ಅದರ ಎರಡೂ ದಡದ ನೆಲ ಬೆಸೆದುಕೊಂಡಿತು. ಆ ಸಮುದ್ರಕ್ಕೆ ಭೂವಿಜ್ಞಾನಿಗಳು ಮ್ಯಾನಿಕೆವಾನ್ ಅಂತ ಹೆಸರಿಟ್ಟಿದ್ದಾರೆ.

ಗ್ರ್ಯಾಂಡ್ ರ‍್ಯಾಪಿಡ್ಸ್ ಬಳಿ ಇಳಿದು ನೋಡಿದರೆ ಬರೀ ಸುಣ್ಣಕಲ್ಲು. ಅದೂ 40 ಕೋಟಿ ವರ್ಷಕ್ಕಿಂತ ಹಳೆಯದೇ, ಆದರೆ ಈ ಕಥೆಯಲ್ಲಿ ತೀರಾ ಎಳೆಯದು. ಗಡಿ ಇರುವುದು ಅದರ ಅಡಿಯಲ್ಲಿ. ಗೆಳೆಯ ಫೋನಿನಲ್ಲಿ ಕಾಂತೀಯ ನಕ್ಷೆ ತೆರೆದ. ವಿಮಾನಕ್ಕೆ ಮ್ಯಾಗ್ನೆಟೋಮೀಟರ್, ಅಂದರೆ ಕಾಂತಕ್ಷೇತ್ರ ಅಳೆಯುವ ಉಪಕರಣ, ಕಟ್ಟಿ ಅಳೆದದ್ದು. ಸುಣ್ಣಕಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತೀಯ ಖನಿಜ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಉಪಕರಣದ ಪಾಲಿಗೆ ಅದು ಗಾಜು ಇದ್ದ ಹಾಗೆ!

ನಕ್ಷೆಯ ಪೂರ್ವಕ್ಕೆ ಸುಪೀರಿಯರ್ ಕ್ರೇಟಾನ್, ಅಂದರೆ ಖಂಡದ ಹಳೇ ಗಟ್ಟಿ ತುಂಡು, 250 ಕೋಟಿ ವರ್ಷಕ್ಕೂ ಹಳೆಯ ನೆಲ. ಅದರ ಕಾಂತೀಯ ಪಟ್ಟೆಗಳು ಹೆಚ್ಚಾಗಿ ಪೂರ್ವ-ಪಶ್ಚಿಮ ಓಡುತ್ತವೆ. ಓಡುತ್ತಾ ಬಂದು ತಟ್ಟನೆ ತುಂಡಾಗುತ್ತವೆ. ಅಲ್ಲಿ ಈಶಾನ್ಯಕ್ಕೆ ವಾಲಿದ ಬೇರೊಂದು ಪಟ್ಟಿ ಶುರು. ಅದರಾಚೆ, ಪಶ್ಚಿಮಕ್ಕೆ, ನಕ್ಷೆ ಹೆಚ್ಚುಕಡಿಮೆ ಸಪ್ಪೆ. ಅದು ಸಮುದ್ರದಲ್ಲಿ ಶೇಖರವಾದ ಕೆಸರು ಶಾಖ, ಒತ್ತಡಕ್ಕೆ ಬೆಂದು ನೈಸ್ ಎಂಬ ಪಟ್ಟೆಪಟ್ಟೆ ಕಲ್ಲಾದ ಜಾಗ.

ಗೆಳೆಯನ ಬಳಿ ಗುರುತ್ವದ ನಕ್ಷೆಯೂ ಇತ್ತು, ಭೂಮಿಯ ಸೆಳೆತ ಎಲ್ಲಿ ಎಷ್ಟು ಅಂತ ತೋರಿಸುವುದು. "ಗುರುತ್ವದ ನಕ್ಷೆ ಯಾಕೆ ಬೇಕು ಹಾಗಾದ್ರೆ?" ಅಂತ ಕೇಳಿದೆ.

"ಕಾಂತೀಯ ನಕ್ಷೆಯಲ್ಲಿ ಅಂಚು ಚೆನ್ನಾಗಿ ಕಾಣುತ್ತೆ. ಆದರೆ ಬರೀ ಮೇಲಿನ ಬಿರುಕೋ, ಭೂಮಿಯ ಇಡೀ ತೊಗಟೆಯೇ ಬೇರೆಯೋ ಅಂತ ಅದೊಂದರಿಂದ ಗೊತ್ತಾಗಲ್ಲ," ಅಂದ.

ಗಿಬ್ ಮತ್ತು ಥಾಮಸ್ ಎಂಬ ಸಂಶೋಧಕರು 1976ರಲ್ಲಿ ಕೆನಡಾದ ಇಂಥ ಗಡಿಗಳಲ್ಲಿ ಒಂದು ಜೋಡಿ ಗುರುತು ತೋರಿಸಿದರು. ಹಳೇ ನೆಲದ ಕಡೆ ಗುರುತ್ವ ತಗ್ಗು, ಹೊಸ ನೆಲದ ಕಡೆ ಉಬ್ಬು. ಎರಡು ತೊಗಟೆಗಳ ಸಾಂದ್ರತೆ, ದಪ್ಪ ಬೇರೆಬೇರೆ ಇದ್ದರೆ ಬೆಸುಗೆಯ ಮೇಲೆ ಹೀಗೆ ಮೂಡುತ್ತದೆ. ವ್ಯತ್ಯಾಸ ಕೆಲವು ಹತ್ತು ಮಿಲಿಗ್ಯಾಲ್ (ಗುರುತ್ವ ಅಳೆಯುವ ಮಾನ) ಅಷ್ಟೇ. ಭೂಮಿಯ ಒಟ್ಟು ಸೆಳೆತ ಸುಮಾರು 9,80,000 ಮಿಲಿಗ್ಯಾಲ್! ಒಂದು ಮೀಟರ್ ಮೇಲೆ ಹತ್ತಿದರೂ 0.3 ಮಿಲಿಗ್ಯಾಲ್‌ನಷ್ಟು ಇಳಿಯುತ್ತದೆ. ಅಳೆಯುವವರು ಎತ್ತರದ ವಿಷಯದಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳುವುದು ಸುಮ್ನೆ ಅಲ್ಲ.

ಮುಂದೆ ಸುಣ್ಣಕಲ್ಲು ಮುಗಿದು ನೈಸ್ ಬಂಡೆಗಳು ಬಂದವು. ಸೆಟ್ಟಿಂಗ್ ಸರೋವರ ಉದ್ದಕ್ಕೆ, ಕಿರಿದಾಗಿ, ಈಶಾನ್ಯಕ್ಕೇ ಚಾಚಿಕೊಂಡಿದೆ. ಪಟ್ಟಿಯ ಪಶ್ಚಿಮದ ಅಂಚಿಗೆ ಈ ಸರೋವರದ ಹೆಸರಿನ ಸ್ತರಭಂಗವೇ (ಬಂಡೆ ಸೀಳಿ ಜರುಗಿದ ಬಿರುಕು) ಗುರುತು. ದಡದಲ್ಲಿ ನಿಂತಾಗ ನನಗೆ ವಿಶೇಷವೇನೂ ಕಾಣಲಿಲ್ಲ. ನಕ್ಷೆ ಹಿಡಿದು ಮತ್ತೆ ನೋಡಿದ ಮೇಲೆ ಸರೋವರದ ವಾಲಿಕೆಯೇ ಎದ್ದು ಕಂಡಿತು. ಪಿಸ್ಯೂ ಜಲಪಾತಕ್ಕೆ ಜನ ಜಾಸ್ತಿ. 13 ಮೀಟರ್ ಧುಮುಕು, ಚೆನ್ನಾಗಿದೆ. ನನಗೆ ಸರೋವರವೇ ಹಿಡಿಸಿತು.

ಥಾಮ್ಸನ್ ಊರು ಹುಟ್ಟಿದ್ದೇ ಈ ಪಟ್ಟಿಯಿಂದ. ವಿಮಾನದಿಂದ ಸರ್ವೆ ಮಾಡಿ, ಆಮೇಲೆ ಕೊರೆದು, 1956ರಲ್ಲಿ ಇಲ್ಲಿ ನಿಕ್ಕಲ್ ಪತ್ತೆ ಮಾಡಿದರು. ಕೊರೆಯದೆ ಗತಿಯಿಲ್ಲ. ಆಳದಲ್ಲಿರುವ ಭಾರದ ಬಂಡೆಗೂ ಮೇಲೆ ಹರಡಿದ, ಅಷ್ಟೊಂದು ಭಾರವಲ್ಲದ ಬಂಡೆಗೂ ಗುರುತ್ವದ ಅಂಕಿ ಒಂದೇ ಬರಬಹುದು. ದಕ್ಷಿಣದಲ್ಲಿ, ಸುಣ್ಣಕಲ್ಲಿನಡಿ ಈ ಪಟ್ಟಿ ಮುಂದುವರಿದಿದೆ ಅನ್ನುವುದಕ್ಕೂ ಕೊನೆಗೆ ಸಾಕ್ಷಿಯಾದದ್ದು ಕೊರೆಯುವ ಕೊಳವೆಯಲ್ಲಿ ಎದ್ದು ಬಂದ ಕಲ್ಲೇ.