ಕಾರವಾರದಲ್ಲಿ ಕೂತು ಕರಾಚಿಯ ವಿಡಿಯೋ ಪರೀಕ್ಷೆ ಮಾಡೋದು ಹೇಗೆ?

ಈ ಪ್ರಶ್ನೆಯನ್ನು ನನಗೆ ಬಹಳ ಜನ ಕೇಳುತ್ತಾರೆ. ಯುದ್ಧ ಎಲ್ಲೋ ದೂರದಲ್ಲಿ. ನೀವು ಮನೆ ಬಿಟ್ಟು ಹೋಗಿಲ್ಲ. ವಿಡಿಯೋ ನಿಜವೋ ಸುಳ್ಳೋ ಹೇಗೆ ಗೊತ್ತಾಗುತ್ತದೆ?

ನಮ್ಮೂರಿನವರಿಗೆ ನಾನು ಕಾಳಿ ನದಿಯ ಸೇತುವೆ ನೆನಪಿಸುತ್ತೇನೆ. ಯಾರೋ ಒಂದು ಫೋಟೋ ಕಳಿಸಿ "ನಿನ್ನೆ ತೆಗೆದಿದ್ದು" ಅಂದರು ಅಂತಿಟ್ಟುಕೊಳ್ಳಿ. ಅದರಲ್ಲಿ ಹಳೇ ಸೇತುವೆ ಪೂರ್ತಿ ಕಾಣುತ್ತಿದ್ದರೆ ನೀವು ತಕ್ಷಣ ಇಲ್ಲ ಅಂತೀರಿ, ಅಲ್ವಾ? ಅದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಹೊಳೆಗೆ ಬಿತ್ತು. ಹಿಂದೆ ಸದಾಶಿವಗಡದ ಗುಡ್ಡ ಯಾವ ಕಡೆ ಇದೆ ನೋಡಿದರೆ, ಎಲ್ಲಿ ನಿಂತು ತೆಗೆದರು ಅನ್ನೋದೂ ತಿಳಿಯುತ್ತದೆ. ನಾನು ಮಾಡುವುದೂ ಇದನ್ನೇ. ಗೊತ್ತಿಲ್ಲದ ಊರಾದರೆ ಗುಡ್ಡ, ಮಿನಾರು, ಅಂಗಡಿ ಬೋರ್ಡು, ರಸ್ತೆಯ ತಿರುವನ್ನು ಉಪಗ್ರಹ ಚಿತ್ರದ ಪಕ್ಕ ಇಟ್ಟು ಹೋಲಿಸುತ್ತೇನೆ. ನೆರಳು ಬಿದ್ದ ದಿಕ್ಕು, ಅದರ ಉದ್ದ ನೋಡಿದರೆ ಹೊತ್ತು ಎಷ್ಟಿರಬಹುದು ಅಂತ ಅಂದಾಜು ಸಿಗುತ್ತದೆ.

ಭಾರತ-ಪಾಕಿಸ್ತಾನ ಸಂಘರ್ಷ ನಡೆಯುತ್ತಿದ್ದ 2025ರ ಮೇ 8ರ ರಾತ್ರಿ ಪಕ್ಕದ ಮನೆಯ ಅಕ್ಕ ಫೋನ್ ಹಿಡಿದು ಬಂದರು. ಅವರ ಮಗ ನೌಕಾಪಡೆಯಲ್ಲಿದ್ದಾನೆ. "ತಮ್ಮಾ, ಕರಾಚಿ ಬಂದರಿಗೆ ನಮ್ಮ ಹಡಗಿನವರು ಹೊಡೆದರಂತೆ. ಮಗನ ಫೋನ್ ಹತ್ತುತ್ತಿಲ್ಲ." ಕೈ ನಡುಗುತ್ತಿತ್ತು. ಆ ಹೊತ್ತಿಗೆ ಟಿವಿಯಲ್ಲೂ ಅದೇ ಸುದ್ದಿ. ಕರಾಚಿ ಅಂತ ಹರಿದಾಡಿದ ಬೆಂಕಿಯ ವಿಡಿಯೋಗಳಲ್ಲಿ ಒಂದು ಅಮೆರಿಕದ ಫಿಲಡೆಲ್ಫಿಯಾದ್ದು. ಅದೇ ವರ್ಷ ಜನವರಿ ಕೊನೆಗೆ ಅಲ್ಲಿ ವಿಮಾನ ಬಿದ್ದಿತ್ತು. ವಿಡಿಯೋ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿದರೆ ಇಂಥ ಹಳೇ ವಿಡಿಯೋಗಳು ಎಷ್ಟೋ ಸಲ ನಿಮಿಷದಲ್ಲಿ ಸಿಕ್ಕಿಬೀಳುತ್ತವೆ. ಆ ದಿನಗಳಲ್ಲಿ 2020ರ ಬೈರೂತ್ ಸ್ಫೋಟದ ವಿಡಿಯೋ ಕೂಡ ಹೊಸ ಹೆಸರಿನಲ್ಲಿ ಓಡಾಡಿತು.

"ಹಾಗಾದ್ರೆ ಅಲ್ಲಿ ಏನೂ ಆಗಿಲ್ವಾ?" ಅಂದರು ಅಕ್ಕ. ಈ ವಿಡಿಯೋ ಅಲ್ಲಿಯದಲ್ಲ, ಅಷ್ಟು ಮಾತ್ರ ಈಗ ಗೊತ್ತು, ಅಂದೆ. ಅವರಿಗೆ ಅದು ಸಾಲಲಿಲ್ಲ. ಆದರೆ ಗೊತ್ತಿಲ್ಲದ್ದನ್ನು ಸಮಾಧಾನಕ್ಕೆ ಅಂತ ಸುಮ್ನೆ ಹೇಳಬಾರದು. ಕರಾಚಿ ಬಂದರಿನ ಮೇಲೆ ನಮ್ಮ ನೌಕಾಪಡೆ ದಾಳಿ ಮಾಡಿರಲಿಲ್ಲ ಅನ್ನೋದು ಆಮೇಲೆ ಸ್ಪಷ್ಟವಾಯಿತು.

ಈ ಕೆಲಸಕ್ಕೆ ತೂಕ ಇದೆ. 2014ರ ಜುಲೈ 17ರಂದು ಪೂರ್ವ ಉಕ್ರೇನಿನ ಮೇಲೆ ಮಲೇಷ್ಯಾದ ಪ್ರಯಾಣಿಕ ವಿಮಾನ ಎಂಎಚ್17 ಅನ್ನು ಹೊಡೆದುರುಳಿಸಿದಾಗ 298 ಜನ ಸತ್ತರು. ಅದನ್ನು ಹೊಡೆದ ಬುಕ್ ಅನ್ನೋ ಕ್ಷಿಪಣಿ ಹೊತ್ತ ವಾಹನ ಯಾವ ದಾರಿಯಲ್ಲಿ ಹೋಯಿತು ಅಂತ ತನಿಖೆ ಮಾಡಿದವರು ಜನ ಹಾಕಿದ್ದ ಫೋಟೋ, ವಿಡಿಯೋಗಳ ನೆರವಿನಿಂದ ಗುರುತಿಸಿದರು.

ಈ ವಿದ್ಯೆ ಎಲ್ಲರ ಕೈಯಲ್ಲೂ ಇದೆ, ಅದೇ ನನ್ನ ಚಿಂತೆ. ನೀವು ಬೀಚಿನಿಂದ ತೆಗೆದ ಹಡಗಿನ ಫೋಟೋದಲ್ಲಿ ಕೂರ್ಮಗಡ ದ್ವೀಪ ಕಂಡರೆ ಸಾಕು, ಹಡಗು ಎಲ್ಲಿತ್ತು, ಯಾವ ಕಡೆ ಹೊರಟಿತ್ತು ಅಂತ ದೂರದಲ್ಲಿ ಕೂತವನೂ ಲೆಕ್ಕ ಹಾಕುತ್ತಾನೆ. ಸೇನೆಯ ಓಡಾಟವನ್ನು ನೇರಪ್ರಸಾರ ಮಾಡಬೇಡಿ ಅಂತ ರಕ್ಷಣಾ ಸಚಿವಾಲಯ 2025ರ ಮೇ 9ರಂದು ಕೇಳಿಕೊಂಡಿತ್ತು. ದಯವಿಟ್ಟು ಹಡಗಿನ ಫೋಟೋ ಸ್ಟೇಟಸ್‌ಗೆ ಹಾಕಬೇಡಿ. ಅಕ್ಕನ ಮಗ ಈಗಲೂ ಹಡಗಿನಲ್ಲೇ ಇದ್ದಾನೆ.