ಮತ್ತೆ ಇದು ಎಂತ?

ಮಂಗಳವಾರ ಬೆಳಗ್ಗೆ ಮಳೆ ಬಿಡುವ ಲಕ್ಷಣ ಇರಲಿಲ್ಲ. ನಮ್ಮ ಬೀದಿ ಮುಖ್ಯರಸ್ತೆಗೆ ಸೇರುವಲ್ಲಿ, ಚರಂಡಿಯ ಚಪ್ಪಡಿ ಮುರಿದು ಬಾಯಿ ತೆರೆದಿರುವ ಆ ಜಾಗದ ಪಕ್ಕದಲ್ಲಿ, ಕ್ರಾಫ್ಟ್ ಟೀಚರ್ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ರಟ್ಟು ಹಿಡಿದು ನಿಂತಿದ್ದರು. ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಆದರೂ ಬೀದಿಗೆಲ್ಲ ಅವರು ಕ್ರಾಫ್ಟ್ ಟೀಚರೇ.

ರಟ್ಟಿನ ಮೇಲೆ ಎರಡೇ ಸಾಲು: ‘ಇಲ್ಲಿ ಚಪ್ಪಡಿ ಹಾಕಿ. ಮೊನ್ನೆ ನಾನು ಬಿದ್ದೆ.’ ಅಕ್ಷರಗಳ ಕೆಳಗೆ ಪೆನ್ಸಿಲಿನ ಗೆರೆ ಇನ್ನೂ ಕಾಣುತ್ತಿತ್ತು. ‘ಬಿದ್ದೆ’ಯ ಒತ್ತಕ್ಷರ ಕೆಳಗೆ ಇಳಿಯುತ್ತದಲ್ಲ, ಅದಕ್ಕೂ ಒಂದು ಪ್ರತ್ಯೇಕ ಗೆರೆ. ಮಳೆಗೆ ಬಣ್ಣ ಇಳಿಯದಂತೆ ಇಡೀ ರಟ್ಟನ್ನು ಸೀರೆಯ ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿದ್ದರು.

ನಾನು ಎದುರಿನ ಬಸ್ ತಂಗುದಾಣದಲ್ಲಿದ್ದೆ. ಸ್ಟೇಟ್‌ಬ್ಯಾಂಕ್ ಕಡೆಯ ಬಸ್ಸು ಬರಬೇಕಿತ್ತು. ಅದಕ್ಕಿಂತ ಮೊದಲು ಪೊಲೀಸ್ ಬೈಕ್ ಬಂತು. ಕರೆ ಮಾಡಿದವರು ಪಕ್ಕದ ಅಂಗಡಿಯವರೇ ಇರಬೇಕು. ಗಿರಾಕಿಗಳ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ ಎಂದು ಅವರು ಆಗಲೇ ಗೊಣಗುತ್ತಿದ್ದರು. ಹೊಂಡವಿದ್ದಾಗ ಅವರಿಗೆ ತೊಂದರೆಯಾಗಿರಲಿಲ್ಲ, ಟೀಚರ್ ನಿಂತಾಗ ಆಯಿತು.

“ಅಮ್ಮಾ, ಅನುಮತಿ ತೆಗೆದುಕೊಂಡಿದ್ದೀರಾ?”

“ಯಾವುದಕ್ಕೆ?”

“ಪ್ರತಿಭಟನೆಗೆ.”

“ನಾನು ಒಬ್ಬಳೇ ಅಲ್ಲವಾ?”

ಆ ಹುಡುಗ ಹಿಂದೆ ಮುಂದೆ ನೋಡಿದ. ಹೌದು, ಒಬ್ಬರೇ. “ಒಬ್ಬರೇ ಆದರೆ ಪ್ರತಿಭಟನೆ ಅಲ್ಲಮ್ಮಾ. ಮನೆಗೆ ಹೋಗಿ, ನೆನೆಯುತ್ತಿದ್ದೀರಿ.”

“ಮತ್ತೆ ಇದು ಎಂತ?”

ಅವನು ಹೆಲ್ಮೆಟ್ಟಿನ ಮೇಲಿನ ನೀರು ಒರೆಸಿಕೊಂಡ. ಉತ್ತರ ಹೇಳಲಿಲ್ಲ. ಕೆಟ್ಟವನಲ್ಲ ಅವನು, ಸ್ವರದಲ್ಲಿ ಗದರಿಕೆ ಇರಲಿಲ್ಲ. ಆಗಲೇ ನನ್ನ ಬಸ್ ಬಂತು, ಕಂಡಕ್ಟರ್ ವಿಷಲ್ ಹೊಡೆದ, ನಾನು ಹತ್ತಿದೆ. ಅದೇ ಹೊಂಡವನ್ನು ಎರಡು ಮಳೆಗಾಲದಿಂದ ದಾಟುತ್ತಿರುವವನು ನಾನು. ಎಲ್ಲಿ ಕಾಲು ಇಡಬೇಕು ಎಂದು ಕಣ್ಣು ಮುಚ್ಚಿಯೂ ಗೊತ್ತು.

ರಾತ್ರಿ ಸಿಂಗಾಪುರದಿಂದ ಅಕ್ಕನ ಮಗನ ಫೋನ್ ಬಂದಾಗ ಇದನ್ನು ತಮಾಷೆಯಾಗಿಯೇ ಹೇಳಿದೆ. ಅವನು ನಗಲಿಲ್ಲ. “ಮಾವ, ಇಲ್ಲಿ ಒಬ್ಬರೇ ಸಾಕು” ಎಂದ. ಅಲ್ಲಿಯ 2009ರ ಸಾರ್ವಜನಿಕ ಸುವ್ಯವಸ್ಥೆ ಕಾನೂನಿನ ಲೆಕ್ಕದಲ್ಲಿ ಒಬ್ಬ ಮನುಷ್ಯನೂ ಒಂದು ಸಭೆ, ಅವನಿಗೂ ಪರವಾನಗಿ ಬೇಕು. ಜೋಲೋವನ್ ವಾಮ್ ಎನ್ನುವವರು 2020ರಲ್ಲಿ ಪೊಲೀಸ್ ಠಾಣೆಯೊಂದರ ಬಳಿ ನಗುಮುಖ ಬರೆದ ರಟ್ಟು ಹಿಡಿದು ಫೋಟೊ ತೆಗೆಸಿಕೊಂಡರು. ಆ ವರ್ಷದ ನವೆಂಬರಿನಲ್ಲಿ ಅವರ ಮೇಲೆ ಮೊಕದ್ದಮೆ ಹೂಡಿದರು. ಪರವಾನಗಿಯ ರಗಳೆ ಇಲ್ಲದೆ ಮಾತನಾಡಬೇಕೆಂದರೆ ಹಾಂಗ್ ಲಿಮ್ ಪಾರ್ಕ್ ಎಂಬ ಒಂದು ಉದ್ಯಾನವಿದೆಯಂತೆ. ಕೆಲಸದ ವೀಸಾದಲ್ಲಿರುವ ಇವನಿಗೆ ಅದೂ ಇಲ್ಲ.

ನಮ್ಮಲ್ಲಿ ಹಾಗಲ್ಲ ಎಂದು ಬೀಗಲು ಹೊರಟವನು ಅರ್ಧಕ್ಕೇ ನಿಲ್ಲಿಸಿದೆ. ಬೆಂಗಳೂರಿನಲ್ಲಿ ಧರಣಿ ಕೂರುವವರನ್ನು ಫ್ರೀಡಂ ಪಾರ್ಕಿಗೇ ಕಳುಹಿಸುತ್ತಾರಲ್ಲ. ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನೆಲ್ಲ ಇಟ್ಟಿದ್ದ ಜಾಗ. ಜೈಲಿನ ಗೋಡೆಯೊಳಗೆ ಸ್ವಾತಂತ್ರ್ಯದ ಹೆಸರಿಟ್ಟು ಕೂರಿಸಿದವರ ಹಾಸ್ಯಪ್ರಜ್ಞೆಗೆ ನನ್ನ ನಮಸ್ಕಾರ.

ಮಲಗಿದರೂ ಟೀಚರ ಪ್ರಶ್ನೆ ಬಿಡಲಿಲ್ಲ. ಮತ್ತೆ ಇದು ಎಂತ? ಆಳುವವರಿಗೆ ತಲೆ ಎಣಿಸುವ ಚಟ ಇದೆ. 2019ರ ಜೂನ್ 16ರಂದು ಹಾಂಗ್‌ಕಾಂಗಿನ ಬೀದಿಗೆ ಇಳಿದವರು ಸುಮಾರು 20 ಲಕ್ಷ ಎಂದು ಸಂಘಟಕರು ಹೇಳಿದರೆ, ಪೊಲೀಸರ ಲೆಕ್ಕ 3,38,000. ನಡುವಿನ ಹದಿನಾರು ಲಕ್ಷಕ್ಕೂ ಹೆಚ್ಚು ಜನ ಎಲ್ಲಿ ಹೋದರೋ. ನಮ್ಮ ಕಾನೂನಿನಲ್ಲಿ ಅಕ್ರಮ ಕೂಟ ಎನ್ನಲು ಕನಿಷ್ಠ ಐವರು ಬೇಕು. ಸಿಂಗಾಪುರದಲ್ಲಿ ಒಬ್ಬರು. ಚೀನಾದಲ್ಲಿ 2022ರ ನವೆಂಬರಿನಲ್ಲಿ, ಉರುಮ್ಚಿಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಹತ್ತು ಜನ ಸತ್ತ ಮೇಲೆ, ಹುಡುಗರು ಖಾಲಿ ಎ4 ಹಾಳೆ ಹಿಡಿದು ನಿಂತರು. ಬರೆದರೆ ತಾನೇ ಹಿಡಿಯುವುದು? ಬರೆಯದ ಹಾಳೆಯನ್ನೂ ಅಲ್ಲಿಯ ಪೊಲೀಸರು ಸರಿಯಾಗಿಯೇ ಓದಿದರು. ಇಲ್ಲಿ ನಮ್ಮ ಹುಡುಗ ಪೆನ್ಸಿಲ್ ಗೆರೆ ಎಳೆದು ದಪ್ಪಗೆ ಬರೆದದ್ದನ್ನು ಓದಿದನೋ ಇಲ್ಲವೋ, ಕೇಳಿದ್ದು ಅನುಮತಿಯನ್ನು.

ನಮ್ಮ ಮಂಗಳೂರಿನ ಬಾವುಟಗುಡ್ಡೆಯ ಮೂಲಕ ಎಷ್ಟು ಸಲ ಹೋಗಿದ್ದೇನೆ. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ರೈತರು ನಡೆದು ಬಂದು ಕುಂಪಣಿಯವರ ಬಾವುಟ ಇಳಿಸಿ ತಮ್ಮದನ್ನು ಏರಿಸಿದ ಗುಡ್ಡ ಅದು. ಅವರ ಗುಂಪಿಗೆ ಸೇರಿಬಿಡುತ್ತಿದ್ದೆ ಎಂದು ಶಾಲೆಯಲ್ಲಿ ಅಂದುಕೊಂಡಿದ್ದೆ. ಮಂಗಳವಾರ ರಸ್ತೆ ದಾಟಿದ್ದರೆ ನಾವು ಇಬ್ಬರಾಗುತ್ತಿದ್ದೆವು. ಹುಡುಗನಿಗೆ ಮತ್ತೆ ಎಣಿಸುವ ಕೆಲಸ ಬೀಳುತ್ತಿತ್ತು.

ಗುರುವಾರ ಟೀಚರ್ ಇರಲಿಲ್ಲ. ಶೀತವಾಗಿದೆ ಎಂದು ಅವರ ಮನೆಯ ಕೆಲಸದಾಕೆ ಹೇಳಿದಳು. ಹೊಂಡಕ್ಕೆ ಯಾರೋ ಗೇರುಮರದ ಗೆಲ್ಲು ನೆಟ್ಟಿದ್ದರು, ನಮ್ಮೂರಿನಲ್ಲಿ ಹೊಂಡ ಕಂಡರೆ ನೆಡುವ ಹಾಗೆ. ಅದಕ್ಕೆ ಬಾಳೆನಾರಿನಿಂದ ಅದೇ ರಟ್ಟನ್ನು ಕಟ್ಟಿದ್ದರು. ಪೊಲೀಸ್ ಬೈಕ್ ಬಂತು, ನಿಧಾನವಾಯಿತು, ಹುಡುಗ ಎರಡೂ ಸಾಲು ಓದಿದ. ಸುತ್ತ ನೋಡಿದ. ಯಾರೂ ಇಲ್ಲ. ಹೋದ.

ಕವರಿನ ಒಂದು ಮೂಲೆ ಜಾರಿ, ‘ಬಿದ್ದೆ’ಯ ಹತ್ತಿರ ನೀರು ನುಗ್ಗುತ್ತಿತ್ತು. ರಸ್ತೆ ದಾಟಿ ಹೋಗಿ ಅದನ್ನು ಮೇಲೆಳೆದು ಮಡಚಿ ಸಿಕ್ಕಿಸಿದೆ. ಅಷ್ಟರಲ್ಲಿ ಆಚೆ ಬದಿಯಿಂದ ವಿಷಲ್ ಕೇಳಿಸಿತು. ಆ ಬಸ್ಸು ಹೋಯಿತು.